ಟೇಬಲ್‌ನಲ್ಲಿ ಇಲ್ಲದ ಫೀಲ್ಡು

ವೆಬ್ ಫ್ರೇಮ್‌ವರ್ಕ್ ಆದ ಜಾಂಗೋದ ಮಾಡೆಲ್‌ಫಾರ್ಮ್‌ಗೆ ಯಾವ ಮಾಡೆಲ್, ಅದರಲ್ಲಿ ಯಾವ ಫೀಲ್ಡುಗಳು ಎಂದು ಹೇಳಿದರೆ ಸಾಕು. ಅಕ್ಷರಗಳ ಮಿತಿ, ಕಡ್ಡಾಯವೋ ಐಚ್ಛಿಕವೋ, ದಿನಾಂಕ ಸರಿಯಿದೆಯೋ ಎಲ್ಲವನ್ನೂ ನೋಡಿಕೊಂಡು ಫಾರ್ಮನ್ನು ತಾನೇ ಕಟ್ಟಿಕೊಡುತ್ತದೆ. ಆದರೆ ಇಂಥ ಸೌಲಭ್ಯದ ಗಟ್ಟಿತನ ಗೊತ್ತಾಗುವುದು ಮಾಡೆಲ್‌ನ ಡೇಟಾಬೇಸ್ ಟೇಬಲ್‌ನಲ್ಲಿ ಜಾಗವೇ ಇಲ್ಲದ ಪ್ರಶ್ನೆಯೊಂದನ್ನು ಬಳಕೆದಾರರಿಗೆ ಕೇಳಬೇಕಾಗಿ ಬಂದಾಗ.

ಒಳ್ಳೆಯ ಮಾದರಿ ಜಾಂಗೋದೊಳಗೇ ಇದೆ. ಹೊಸ ಖಾತೆ ತೆರೆಯುವ ಅದರ ಯೂಸರ್‌ಕ್ರಿಯೇಷನ್‌ಫಾರ್ಮ್ ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ಟೇಬಲ್‌ನಲ್ಲಿರುವುದು ಒಂದೇ ಕಾಲಂ, ಅದರಲ್ಲಿ ಉಳಿಯುವುದೂ ಹ್ಯಾಶ್ ಮಾತ್ರ. ಫಾರ್ಮಿನ ಆ ಎರಡು ಫೀಲ್ಡುಗಳು ಟೇಬಲ್‌ಗೆ ಸೇರಿದವಲ್ಲ. ಒಂದನ್ನೊಂದು ಹೋಲಿಸಿ ನೋಡಿದ ಮೇಲೆ ಅವುಗಳ ಕೆಲಸ ಮುಗಿಯಿತು. ಇನ್ನೊಂದು ಫ್ರೇಮ್‌ವರ್ಕ್ ಆದ ರೈಲ್ಸ್ ಇದೇ ತಪಾಸಣೆಯನ್ನು ಮಾಡೆಲ್‌ಗೆ ವಹಿಸುತ್ತದೆ. ಅದೂ ಕೆಲಸ ಮಾಡುತ್ತದೆ, ಆದರೆ ಜಾಂಗೋದ ದಾರಿಯೇ ನನಗೆ ಸರಿಯೆನಿಸುತ್ತದೆ. ಪರದೆಯ ಮುಂದೆ ಕೂತವರು ಕೈತಪ್ಪಿ ಒತ್ತಿದರೇ ಎಂಬುದು ಫಾರ್ಮಿನ ಚಿಂತೆ. ಟೇಬಲ್ ಎಂದರೆ ನಾವು ಉಳಿಸಿಕೊಳ್ಳುವುದು, ಫಾರ್ಮ್ ಎಂದರೆ ನಾವು ಕೇಳುವುದು. ಎರಡೂ ಒಂದೇ ಆಗಬೇಕಿಲ್ಲ.

ನನ್ನ ತಕರಾರು ಇರುವುದು ಜಾಂಗೋದ ಮೌನದ ಬಗ್ಗೆ. 'ಹೊಸ ಸುದ್ದಿಗಳನ್ನು ಇಮೇಲ್‌ಗೆ ಕಳಿಸಿ' ಎಂಬ ಚೆಕ್‌ಬಾಕ್ಸ್ ಒಂದನ್ನು ಸೇರಿಸಿದೆವು ಎನ್ನೋಣ. ಅದು ಪರದೆಯಲ್ಲಿ ಕಾಣುತ್ತದೆ, ತಪಾಸಣೆಯಲ್ಲೂ ಪಾಸಾಗುತ್ತದೆ. ಆಮೇಲೆ ಸೇವ್ ಕರೆದಾಗ ಮಾಡೆಲ್‌ನಲ್ಲಿ ಆ ಹೆಸರಿಲ್ಲವೆಂದು ಮೌಲ್ಯ ಅಲ್ಲೇ ಬಿದ್ದುಹೋಗುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಒಬ್ಬರು ಯೋಚಿಸಿ ಕೊಟ್ಟ ಉತ್ತರ ಕಳೆದುಹೋಗಿದ್ದು ಅವರಿಗೂ ತಿಳಿಯದು, ಕೋಡ್ ಬರೆದವರಿಗೂ ತಿಳಿಯದು. ಎರಡನೇ ಪಾಸ್‌ವರ್ಡ್ ಉಳಿಯಬಾರದು, ನಿಜ. ಹಾಗಿದ್ದರೆ 'ಇದನ್ನು ಉಳಿಸುವುದಿಲ್ಲ' ಎಂದು ಬರೆದೇ ಹೇಳುವ ಏರ್ಪಾಡು ಬೇಕಿತ್ತು. ಅಂಥ ಶಿಸ್ತು ಜಾಂಗೋಗೆ ಹೊಸದೇನಲ್ಲ: ಯಾವ ಫೀಲ್ಡುಗಳು ಬೇಕು ಅಥವಾ ಬೇಡ ಎಂದು ಹೇಳದೆ ಮಾಡೆಲ್‌ಫಾರ್ಮ್ ಬರೆಯುವುದನ್ನು 2015ರ 1.8ನೇ ಆವೃತ್ತಿ ನಿಲ್ಲಿಸಿಬಿಟ್ಟಿತು.

ಅದಕ್ಕೆ ಕಾರಣವೂ ಇತ್ತು. ಫೀಲ್ಡು ಸೇರಿಸುವವರು ನಾವು ಮಾತ್ರವಲ್ಲ, ಹೊರಗಿನವರೂ ಸೇರಿಸಿ ಕಳಿಸಬಹುದು. 2012ರ ಮಾರ್ಚ್‌ನಲ್ಲಿ ರೈಲ್ಸ್‌ನಲ್ಲೇ ಕಟ್ಟಿದ್ದ ಗಿಟ್‌ಹಬ್‌ನಲ್ಲಿ ಆದದ್ದು ಅದೇ: ಫಾರ್ಮಿನಲ್ಲಿ ಇರದಿದ್ದ ಒಂದು ಮೌಲ್ಯವನ್ನು ಕಳಿಸಿ, ಒಬ್ಬ ಡೆವಲಪರ್ ತನ್ನ ಪಬ್ಲಿಕ್ ಕೀಯನ್ನು ರೈಲ್ಸ್ ತಂಡದ ಖಾತೆಗೆ ಸೇರಿಸಿಕೊಂಡ. ಮಾಡೆಲ್ ಬಂದದ್ದನ್ನೆಲ್ಲ ಒಪ್ಪಿಕೊಂಡಿತ್ತು. ಯಾವುದನ್ನು ಒಳಗೆ ಬಿಡಬೇಕೆಂದು ಕಂಟ್ರೋಲರ್‌ನಲ್ಲೇ ಹೆಸರಿಸುವ ಪದ್ಧತಿ ರೈಲ್ಸ್ 4ರಲ್ಲಿ ಬಂತು.

ಇನ್ನೊಂದು ಕಡೆಯೂ ಎಡವುವುದುಂಟು. ಲೇಬಲ್ ಬದಲಿಸಲೆಂದು ಮಾಡೆಲ್‌ನಲ್ಲಿರುವ ಫೀಲ್ಡನ್ನೇ ಫಾರ್ಮಿನಲ್ಲಿ ಮತ್ತೆ ಘೋಷಿಸಿದರೆ, ಮಾಡೆಲ್‌ನಿಂದ ಬರುತ್ತಿದ್ದ ಗುಣಗಳನ್ನು ಅದು ಪಡೆಯುವುದಿಲ್ಲ. ಐಚ್ಛಿಕವಾಗಿದ್ದ ಫೋನ್ ನಂಬರ್ ಕಡ್ಡಾಯವಾಗಿ ಕೂರುತ್ತದೆ. ಲೇಬಲ್ಲಿಗೆ ಫಾರ್ಮಿನ ಮೆಟಾ ಕ್ಲಾಸಿನಲ್ಲೇ ಜಾಗವಿದೆ, ಅಲ್ಲೇ ಬರೆಯಬೇಕು.

ಹೆಚ್ಚುವರಿ ಮೌಲ್ಯವನ್ನು ಉಳಿಸಬೇಕಾದರೆ ಸೇವ್ ಅನ್ನು ನಾವೇ ಬರೆದುಕೊಳ್ಳಬೇಕು. ಅದರೊಳಗೆ ಮೂಲ ಸೇವ್ ಅನ್ನು ಕಮಿಟ್ ಬೇಡವೆಂದು ಕರೆದಾಗ ಮೆನಿ-ಟು-ಮೆನಿ ಸಂಬಂಧಗಳನ್ನು ಆಮೇಲೆ ಬೇರೆಯಾಗಿ ಉಳಿಸುವುದು ಮರೆಯಬಾರದು. ಟೇಬಲ್‌ನಲ್ಲಿಲ್ಲದ ಫೀಲ್ಡು ಒಂದೆರಡಿದ್ದರೆ ಈ ದಾರಿ ಚೊಕ್ಕ. ಟೇಬಲ್‌ನವಕ್ಕಿಂತ ಅವೇ ಹೆಚ್ಚಾದರೆ ನಾನು ಮಾಡೆಲ್‌ಫಾರ್ಮನ್ನು ಬಿಟ್ಟು ಸಾದಾ ಫಾರ್ಮ್ ಬರೆಯುತ್ತೇನೆ: ಸಾಲು ಹೆಚ್ಚು, ಆದರೆ ಯಾವ ಉತ್ತರ ಎಲ್ಲಿಗೆ ಹೋಯಿತೆಂಬುದು ಓದಿದವರಿಗೆ ಕಾಣುತ್ತದೆ.