ಒಳಗಿನವರನ್ನೂ ತಡೆದ ಬೀಗ

2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ದಾಟುತ್ತಿದ್ದಂತೆ ನಮ್ಮ ಫೋನುಗಳಲ್ಲಿ ವಾಟ್ಸಾಪ್ ನಿಂತುಹೋಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ಸುಮಾರು ಆರು ಗಂಟೆ ಸಿಗಲಿಲ್ಲ. ಮರುದಿನ ಈ ಮೂರನ್ನೂ ನಡೆಸುತ್ತಿದ್ದ ಫೇಸ್‌ಬುಕ್ ಕಂಪನಿಯ ಮೂಲಸೌಕರ್ಯ ವಿಭಾಗದ ಉಪಾಧ್ಯಕ್ಷ ಸಂತೋಷ್ ಜನಾರ್ದನ್ ವಿವರಣೆಯೊಂದನ್ನು ಬರೆದರು. ಡೇಟಾ ಸೆಂಟರ್ ಕಾವಲಿನ ಬಗ್ಗೆ ಯೋಚಿಸುವವರು ಇಂದಿಗೂ ಓದಬೇಕಾದ ಬರಹ ಅದು.

ಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಒಂದು ಆದೇಶ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೆಲ್ಲ ಕಡಿದುಹಾಕಿತು. ಅದನ್ನು ತಡೆಯಬೇಕಿದ್ದ ತಪಾಸಣಾ ತಂತ್ರಾಂಶದಲ್ಲೇ ದೋಷವಿತ್ತು. ಡೇಟಾ ಸೆಂಟರ್ ಸಿಗದಾದಾಗ, ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್‌ಗಳು ತಮ್ಮನ್ನು ತಲುಪುವ ದಾರಿಯನ್ನು ಹೊರಜಗತ್ತಿಗೆ ಸಾರುವ ಬಿಜಿಪಿ ಘೋಷಣೆಯನ್ನು ತಾವೇ ಹಿಂತೆಗೆದುಕೊಂಡವು. ತುರ್ತಿಗೆಂದು ಇಟ್ಟಿದ್ದ ಪ್ರತ್ಯೇಕ ಜಾಲವೂ ಕೈಕೊಟ್ಟಿತು. ಎಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರ್‌ಗಳಿಗೆ ಹೋಗಬೇಕಾಯಿತು. ಬಾಗಿಲು ದಾಟಲು ಹೊತ್ತು ಹಿಡಿಯಿತು. ಒಳಹೊಕ್ಕ ಮೇಲೂ ಕೆಲಸ ಸಲೀಸಾಗಿರಲಿಲ್ಲ. ಎದುರಿಗೆ ನಿಂತವನೂ ಸುಲಭವಾಗಿ ಬದಲಿಸಲಾಗದಂತೆ ಅಲ್ಲಿನ ರೌಟರ್‌ಗಳನ್ನು ರೂಪಿಸಲಾಗಿತ್ತು.

ಈ ಬಿಗಿ ಅನಗತ್ಯವೆನ್ನುವವರು ರೌಟರ್ ಹತ್ತಿರ ಹೋಗಿ ನೋಡಬೇಕು. ಸಿಸ್ಕೋ ಕಂಪನಿಯ ಎಷ್ಟೋ ರೌಟರ್‌ಗಳಲ್ಲಿ ಕನ್ಸೋಲ್ ಪೋರ್ಟಿಗೆ ಕೇಬಲ್ ಚುಚ್ಚಿ, ಯಂತ್ರವನ್ನು ಆರಿಸಿ ಹಚ್ಚಿ, ಅದು ಏಳುವ ಹೊತ್ತಿಗೆ ಬ್ರೇಕ್ ಸಂಕೇತ ಕಳಿಸಿದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಹೋಗಬಹುದು. ಪಾಸ್‌ವರ್ಡ್ ಮರೆತವರಿಗಾಗಿ ಕಂಪನಿಯೇ ಕೊಟ್ಟಿರುವ ದಾರಿ ಇದು. ಬೇಡವೆಂದರೆ ಅದನ್ನು ಮುಚ್ಚುವ ಆಯ್ಕೆಯೂ ಉಂಟು, ಆದರೆ ಮುಚ್ಚಬೇಕೆಂದು ಯಾರಾದರೂ ನೆನಪಿಟ್ಟುಕೊಳ್ಳಬೇಕು. ಲಕ್ಷಗಟ್ಟಲೆ ಸುರಿದ ಫೈರ್‌ವಾಲ್, ಯಂತ್ರದ ಮುಂದೆ ಕೇಬಲ್ ಹಿಡಿದು ಕೂತವನನ್ನು ತಡೆಯುವುದಿಲ್ಲ. ಕೆಲವರಿಗೆ ಅಷ್ಟು ಜಾಣತನವೂ ಬೇಕಿಲ್ಲ. 2007ರಲ್ಲಿ ಶಿಕಾಗೋದ ಒಂದು ಡೇಟಾ ಸೆಂಟರ್‌ಗೆ ಮುಸುಕುಧಾರಿಗಳು ಗೋಡೆಯನ್ನೇ ಗರಗಸದಿಂದ ಕೊಯ್ದು ನುಗ್ಗಿ, ರಾತ್ರಿಪಾಳಿಯ ನೌಕರನ ಮೇಲೆ ಹಲ್ಲೆ ಮಾಡಿ, ಸರ್ವರ್‌ಗಳನ್ನು ಹೊತ್ತೊಯ್ದರು.

ಹಾಗಾಗಿ, ಅಪರೂಪಕ್ಕೊಮ್ಮೆ ಚೇತರಿಕೆ ತಡವಾದರೂ ಸರಿ, ದಿನನಿತ್ಯದ ಭದ್ರತೆ ಹೆಚ್ಚಲಿ ಎಂಬ ಜನಾರ್ದನ್ ಅವರ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ಬೀಗ ಗಟ್ಟಿಯಾಗಿದ್ದುದು ತಪ್ಪಲ್ಲ. ಆದರೆ ಆ ದಿನ ಕೆಲವು ಸಿಬ್ಬಂದಿಯ ಬ್ಯಾಡ್ಜ್‌ಗೆ ಕಚೇರಿಯ ಬಾಗಿಲೂ ತೆರೆಯಲಿಲ್ಲ ಎಂದು ಪತ್ರಿಕೆಗಳು ಬರೆದವು. ಕಾಯಬೇಕಾದ ಜಾಲವನ್ನೇ ಬಾಗಿಲು ನೆಚ್ಚಿಕೊಂಡಿದ್ದರೆ, ಜಾಲ ಬಿದ್ದ ದಿನ ಆ ಬಾಗಿಲು ಕಳ್ಳನನ್ನೂ ಯಜಮಾನನನ್ನೂ ಒಂದೇ ತೆರನಾಗಿ ಹೊರಗೆ ನಿಲ್ಲಿಸುತ್ತದೆ. ಅದನ್ನು ಭದ್ರತೆಗೆ ತೆತ್ತ ಬೆಲೆ ಎನ್ನಲು ನಾನು ಸಿದ್ಧನಿಲ್ಲ. ಅದು ವಿನ್ಯಾಸದ ಲೋಪ. ದೊಡ್ಡ ವಿಪತ್ತುಗಳ ಅಣಕು ಕಸರತ್ತನ್ನು ಕಂಪನಿ ವರ್ಷಗಳಿಂದ ನಡೆಸುತ್ತಿತ್ತು, ಆದರೆ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಇಡೀ ಬೆನ್ನೆಲುಬು ಜಾಲವೇ ಕಡಿದುಹೋಗುವ ಸಂದರ್ಭವನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಇದನ್ನು ಮರೆಮಾಚದೆ ಬರೆದದ್ದು ಆ ವಿವರಣೆಯ ದೊಡ್ಡಗುಣ.

ಅದೇ ವರ್ಷದ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಸುಟ್ಟುಹೋಯಿತು. ಬೆಂಕಿಯನ್ನು ತಾನೇ ನಂದಿಸುವ ವ್ಯವಸ್ಥೆ ಅಲ್ಲಿರಲಿಲ್ಲ ಎಂದು ಅಗ್ನಿಶಾಮಕ ದಳದ ವರದಿ ಹೇಳಿತು. ಇಡೀ ಕಟ್ಟಡದ ವಿದ್ಯುತ್ತನ್ನು ಒಮ್ಮೆಗೇ ಕಡಿತಗೊಳಿಸುವ ಸ್ವಿಚ್ಚೂ ಇರಲಿಲ್ಲ. ಕಾಪಾಡಲು ಬಂದವರ ಕೈಗೆ ಏನು ಸಿಗಬೇಕೆಂದು ಇಲ್ಲಿಯೂ ಯಾರೂ ಯೋಚಿಸಿರಲಿಲ್ಲ.

ನಮ್ಮ ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳಲ್ಲಿ ಸಮಸ್ಯೆ ತಿರುವುಮುರುವಾಗಿದೆ. ಮೆಟ್ಟಿಲ ಕೆಳಗಿನ ಸರ್ವರ್ ರ‍್ಯಾಕ್‌ಗೆ ಬೀಗವೇ ಇರುವುದಿಲ್ಲ, ಇದ್ದರೆ ಕೀಲಿ ಅದರಲ್ಲೇ ನೇತಾಡುತ್ತಿರುತ್ತದೆ. ಅಂಥ ಕಡೆ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ: ಇಂದೇ ಆ ಕೀಲಿ ತೆಗೆದಿಡಿ. ಕ್ಯಾಮೆರಾ ರ‍್ಯಾಕ್‌ನ ಕಡೆಗೂ ನೋಡಲಿ. ಒಂದು ರಜಾದಿನ ನೆಟ್‌ವರ್ಕ್ ಆರಿಸಿ, ಸರ್ವರ್ ಇರುವ ಕೋಣೆಯ ಬಾಗಿಲನ್ನು ಯಾರು, ಎಷ್ಟು ಹೊತ್ತಿನಲ್ಲಿ ತೆರೆಯಬಲ್ಲರು ಎಂದು ಪರೀಕ್ಷಿಸಿ, ಅವರ ಹೆಸರು ಮತ್ತು ಫೋನ್ ನಂಬರನ್ನು ಕಾಗದದ ಮೇಲೆ ಬರೆದು ಆ ಕೋಣೆಯ ಹೊರಗೆ ಭದ್ರವಾಗಿಡಿ.