ಕೊಲಾಬದ ಲ್ಯಾಟಿಸ್ ಪಂಥ: ನಿಲ್ಲದ ಅಂಕಿ, ನಿಂತ ದಾರಿ

ಒಂದು ವಿಜ್ಞಾನ ಪಂಥವನ್ನು ಅದು ಕೊಟ್ಟ ಅಂಕಿಗಳಿಂದ ಅಳೆಯಬೇಕೋ, ಕೇಳಿದ ಪ್ರಶ್ನೆಗಳಿಂದ ಅಳೆಯಬೇಕೋ? ಕೊಲಾಬದ ನೇವಿ ನಗರದಲ್ಲಿ, ಸಮುದ್ರದ ಅಂಚಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಲ್ಯಾಟಿಸ್ ಗುಂಪಿನ ವಿಷಯದಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದ್ದು. ಅದರ ಅತ್ಯಂತ ಪ್ರಸಿದ್ಧ ಅಂಕಿ ಇಂದು ನಿಂತಿಲ್ಲ. ಆದರೂ ಭಾರತದ ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ನಿಜಕ್ಕೂ ಬೇರೂರಿದ ಪರಂಪರೆಗಳಲ್ಲಿ ಇದೂ ಒಂದು ಎಂಬುದು ನನ್ನ ಖಚಿತ ಅಭಿಪ್ರಾಯ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡಿಗರಿಗೆ ಇದು ಹೊರಗಿನವರ ಕಥೆಯಲ್ಲ. ಟಿಐಎಫ್‌ಆರ್ 1945ರಲ್ಲಿ ಶುರುವಾದದ್ದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಮುಂಬಯಿಗೆ ಬಂದದ್ದು ಅದೇ ವರ್ಷದ ಕೊನೆಗೆ. ವಾಶಿಯಿಂದ ಖಾಡಿಯಾಚೆಗಿರುವ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರವನ್ನು ನಡೆಸಿದ ರಾಜಾ ರಾಮಣ್ಣ ತುಮಕೂರು ಜಿಲ್ಲೆಯವರು. ನಮ್ಮ ಮಕ್ಕಳು ಲೋಕಲ್ ಹತ್ತಿ ಹೋಗಿಬರಬಹುದಾದ ಅಂತರದಲ್ಲಿ ಜಗತ್ತಿನ ಕಠಿಣ ಲೆಕ್ಕವೊಂದು ದಶಕಗಳಿಂದ ನಡೆಯುತ್ತಿದೆ.

ಲೆಕ್ಕ ಯಾವುದು? ಪ್ರೋಟಾನಿನ ರಾಶಿ ಸುಮಾರು 938 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್). ಅದರೊಳಗಿನ ಮೂರು ಕ್ವಾರ್ಕ್‌ಗಳ ರಾಶಿ ಕೂಡಿಸಿದರೆ ಹತ್ತನ್ನೂ ಮುಟ್ಟುವುದಿಲ್ಲ. ಉಳಿದ ತೂಕವೆಲ್ಲ ಕ್ವಾರ್ಕ್‌ಗಳನ್ನು ಕಟ್ಟಿಹಾಕಿದ ಗ್ಲುಆನ್ ಕ್ಷೇತ್ರದ ಮತ್ತು ಅದರೊಳಗಿನ ಚಲನೆಯ ಶಕ್ತಿ. ಈ ಬಲವನ್ನು ವಿವರಿಸುವ ಕ್ವಾಂಟಂ ಕ್ರೋಮೋಡೈನಮಿಕ್ಸ್ (ಕ್ಯುಸಿಡಿ) ಸಮೀಕರಣಗಳನ್ನು ಒಂದು ಸಾಲಿನಲ್ಲಿ ಬರೆಯಬಹುದು. ಬಿಡಿಸುವುದು ಮಾತ್ರ ದುಸ್ತರ. ವಿದ್ಯುತ್ಕಾಂತ ಬಲದಲ್ಲಿ ಪ್ರತಿ ಹೆಜ್ಜೆಯ ತಿದ್ದುಪಡಿ ಹಿಂದಿನದಕ್ಕಿಂತ ಸಣ್ಣದು, ಹಾಗಾಗಿ ಕೂಡಿಸುತ್ತ ಹೋಗಬಹುದು. ಇಲ್ಲಿ ಬಲವೇ ದೊಡ್ಡದು. ಪ್ರತಿ ತಿದ್ದುಪಡಿಯೂ ಹಿಂದಿನಷ್ಟೇ ದೊಡ್ಡದಾಗಿ ಬರುತ್ತದೆ.

1974ರಲ್ಲಿ ಕೆನೆತ್ ವಿಲ್ಸನ್ ಇದಕ್ಕೆ ದಾರಿ ತೋರಿಸಿದರು. ದೇಶಕಾಲವನ್ನು ಚೌಕಳಿಯಾಗಿ (ಲ್ಯಾಟಿಸ್) ಕತ್ತರಿಸಿ, ಕ್ವಾರ್ಕ್‌ಗಳನ್ನು ಬಿಂದುಗಳಲ್ಲೂ ಗ್ಲುಆನ್‌ಗಳನ್ನು ಬಿಂದುಗಳ ನಡುವಿನ ಕೊಂಡಿಗಳಲ್ಲೂ ಇಡಬೇಕು. 1980ರ ಹೊತ್ತಿಗೆ ಮೈಕೆಲ್ ಕ್ರೂಟ್ಜ್ ಪ್ರತಿ ದಿಕ್ಕಿಗೆ ಹತ್ತೇ ಬಿಂದುಗಳ ಚೌಕಳಿಯಲ್ಲಿ, ಯಾದೃಚ್ಛಿಕ ಸಂಖ್ಯೆಗಳ ಮಾಂಟೆ ಕಾರ್ಲೊ ವಿಧಾನದಿಂದ, ಇದು ಕಂಪ್ಯೂಟರಿನಲ್ಲಿ ನಡೆಯುತ್ತದೆಂದು ತೋರಿಸಿದರು. ಕೊನೆಗೆ ಚೌಕಳಿಯ ಮನೆಗಳನ್ನು ಕಿರಿದು ಮಾಡುತ್ತ ಹೋಗಿ ನಿಜವಾದ ದೇಶಕಾಲಕ್ಕೆ ಮರಳಬೇಕು. ಹಣ, ಯಂತ್ರ, ವರ್ಷಗಳು ಖರ್ಚಾಗುವುದು ಈ ಕೊನೆಯ ಹೆಜ್ಜೆಯಲ್ಲಿ.

ಮುಂಬಯಿಯಲ್ಲಿ ಈ ಕೆಲಸಕ್ಕೆ ಮುಖ ಕೊಟ್ಟವರು ರಾಜೀವ್ ಗವಾಯಿ ಮತ್ತು ಸೌರೇಂದು ಗುಪ್ತ. ಅವರು ಆರಿಸಿಕೊಂಡದ್ದು ಬಿಸಿ ಮತ್ತು ಸಾಂದ್ರ ದ್ರವ್ಯದ ಪ್ರಶ್ನೆ. ಕಾಯಿಸಿದರೆ ಪ್ರೋಟಾನ್‌ಗಳು ಕರಗಿ ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾ ಆಗುತ್ತವೆ. ಸಾಂದ್ರತೆ ಸೊನ್ನೆಯ ಹತ್ತಿರವಿದ್ದಾಗ ಈ ಬದಲಾವಣೆ ನಯವಾಗಿ ಆಗುತ್ತದೆ. ಸಾಂದ್ರತೆ ಹೆಚ್ಚಿದಂತೆ ಎಲ್ಲೋ ಒಂದು ಕ್ರಾಂತಿಕ ಬಿಂದು ಇದ್ದು, ಅದರಾಚೆ ನೀರು ಕುದಿಯುವಂಥ ಹಠಾತ್ ಬದಲಾವಣೆ ಆಗಬೇಕೆಂಬುದು ಬಹುಜನರ ನಿರೀಕ್ಷೆ. ಆದರೆ ಸಾಂದ್ರತೆ ಸೇರಿಸಿದ ಕೂಡಲೇ ಮಾಂಟೆ ಕಾರ್ಲೊದ ತೂಕಗಳು ಧನಸಂಖ್ಯೆಗಳಾಗಿ ಉಳಿಯುವುದಿಲ್ಲ, ಸಂಭವನೀಯತೆ ಎಂಬ ಅರ್ಥವೇ ಕಳೆದುಹೋಗುತ್ತದೆ. ಇದನ್ನೇ ಚಿಹ್ನೆಯ ಸಮಸ್ಯೆ ಎನ್ನುವುದು.

ಗವಾಯಿ ಮತ್ತು ಗುಪ್ತ ಹಿಡಿದ ದಾರಿ ಟೇಲರ್ ಶ್ರೇಣಿ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬೀಲೆಫೆಲ್ಡ್-ಸ್ವಾನ್‌ಸಿ ಗುಂಪೂ ಅದನ್ನು ಹಿಡಿದಿತ್ತು. ಸಾಂದ್ರತೆ ಸೊನ್ನೆ ಇರುವಲ್ಲಿ, ಅಂದರೆ ಲೆಕ್ಕ ಸಾಧ್ಯವಿರುವಲ್ಲಿ, ಒತ್ತಡದ ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ ಗುಣಾಂಕಗಳನ್ನು ಅಳೆದು, ಅವುಗಳ ಅನುಪಾತದಿಂದ ಶ್ರೇಣಿ ಎಲ್ಲಿ ಮುರಿಯುತ್ತದೆಂದು, ಅಂದರೆ ಕ್ರಾಂತಿಕ ಬಿಂದು ಎಲ್ಲಿರಬಹುದೆಂದು, ಊಹಿಸುವುದು. ಕಲ್ಯಾಣ್ ಜಂಕ್ಷನ್ನಿನಲ್ಲಿ ನಿಂತು, ಕಾಲಡಿಯ ಹಳಿಯ ಏರು, ಆ ಏರಿನ ಏರು ಅಳೆದು, ಕಸಾರಾ ದಾಟಿದ ಮೇಲೆ ಘಾಟಿ ಎಲ್ಲಿ ಏಳುತ್ತದೆಂದು ಹೇಳಿದ ಹಾಗೆ.

ಈ ಅಳತೆಯ ಭಾರ ಎಷ್ಟೆಂದು ನೋಡಬೇಕು. ಅವರ 2008ರ ಲೆಕ್ಕದ ದೊಡ್ಡ ಚೌಕಳಿಯಲ್ಲಿ ಮೂರು ದಿಕ್ಕಿಗೆ 24 ಬಿಂದು, ಕಾಲದ ದಿಕ್ಕಿಗೆ 6. ಒಟ್ಟು 82,944 ಬಿಂದು, 3,31,776 ಕೊಂಡಿ. ಪ್ರತಿ ಕೊಂಡಿಯಲ್ಲೂ ಸಂಕೀರ್ಣ ಸಂಖ್ಯೆಗಳ ಒಂದು 3×3 ಮಾತೃಕೆ. ಕ್ವಾರ್ಕ್‌ನ ಮಾತೃಕೆಗೆ ಎರಡೂವರೆ ಲಕ್ಷದ ಹತ್ತಿರ ಸಾಲುಗಳು. ಎಂಟನೆಯ ಗುಣಾಂಕಕ್ಕೆ ಇದರ ವಿಲೋಮ ಮತ್ತೆ ಮತ್ತೆ ಬೇಕು. ಪೂರ್ತಿ ವಿಲೋಮ ಯಾರಿಗೂ ಸಿಗದು. ಯಾದೃಚ್ಛಿಕ ಸದಿಶಗಳನ್ನು ನೂರಾರು ಸಲ ಹಾಯಿಸಿ ಅಂದಾಜು ಮಾಡಬೇಕು. ಸದಿಶ ಕಡಿಮೆಯಾದರೆ ಮೇಲ್ಮಟ್ಟದ ಗುಣಾಂಕ ಬರೀ ಗದ್ದಲವಾಗುತ್ತದೆ. ಈ ಗದ್ದಲದಿಂದ ಸತ್ಯ ಸೋಸುವ ತಾಳ್ಮೆಯೇ ಮುಂಬಯಿ ಪಂಥದ ಗುರುತು. ಸಣ್ಣ ಯಂತ್ರದಲ್ಲಿ ದೊಡ್ಡ ಪ್ರಶ್ನೆ ಕೇಳಬೇಕಾದರೆ ಬೇರೆ ದಾರಿಯೂ ಇರಲಿಲ್ಲ.

ಬಂದ ಉತ್ತರ: ಸಾಂದ್ರತೆಯನ್ನು ಸೂಚಿಸುವ ಬೇರಿಯಾನ್ ರಾಸಾಯನಿಕ ವಿಭವ ಉಷ್ಣತೆಯ ಸುಮಾರು 1.8 ಪಟ್ಟು ಇರುವಲ್ಲಿ ಕ್ರಾಂತಿಕ ಬಿಂದು. 2005ರಲ್ಲಿ, ಇನ್ನೂ ಒರಟು ಚೌಕಳಿಯಲ್ಲಿ, ಅದು 1.1ರ ಹತ್ತಿರವಿತ್ತು. ಚೌಕಳಿಯ ಮನೆಗಳು ಒಂದು ಹಂತ ಕಿರಿದಾದ ಮಾತ್ರಕ್ಕೆ ಅಂಕಿ ಇಷ್ಟು ಸರಿದದ್ದೇ ಒಂದು ಎಚ್ಚರಿಕೆ. ಅವರ ಲೆಕ್ಕದಲ್ಲಿ ಪಯಾನಿನ (ಕ್ವಾರ್ಕ್‌ಗಳಿಂದಾದ ಅತಿ ಹಗುರ ಕಣ) ರಾಶಿಯೂ 230 ಎಂಇವಿಯ ಆಸುಪಾಸಿನದು. ನಿಜವಾದ ಪಯಾನ್ 140. 2017ರಲ್ಲಿ ಹಾಟ್‌ಕ್ಯುಸಿಡಿ ಗುಂಪು ನಿಜಕ್ಕೆ ಹತ್ತಿರದ ರಾಶಿಗಳೊಂದಿಗೆ, ಇನ್ನೂ ಕಿರಿದಾದ ಮನೆಗಳ ಚೌಕಳಿಗಳಲ್ಲಿ ಲೆಕ್ಕ ಮಾಡಿ, ಈ ಅನುಪಾತ 2ರ ಒಳಗೆ ಕ್ರಾಂತಿಕ ಬಿಂದು ಇರುವ ಸಾಧ್ಯತೆ ಕಡಿಮೆ ಎಂದಿತು. ಇನ್ನೊಂದು ಅಂಕಿಯೂ ಸರಿದಿದೆ. 2011ರಲ್ಲಿ ಗುಪ್ತ, ಬೆದಂಗದಾಸ್ ಮೊಹಂತಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಲ್ಯಾಟಿಸ್ ಲೆಕ್ಕವನ್ನು ಬ್ರೂಕ್‌ಹೇವನ್ನಿನ ಸ್ಟಾರ್ ಪ್ರಯೋಗದ ಏರಿಳಿತಗಳೊಂದಿಗೆ ನೇರವಾಗಿ ಹೋಲಿಸಿ ಪಡೆದ ಬದಲಾವಣೆಯ ಉಷ್ಣತೆ 175 ಎಂಇವಿ; ಇಂದು ಸಾಮಾನ್ಯವಾಗಿ ಒಪ್ಪುವುದು 156.5ರ ಹತ್ತಿರದ್ದು. ನಯವಾದ ಬದಲಾವಣೆಯಲ್ಲಿ ಉಷ್ಣತೆಯ ವ್ಯಾಖ್ಯೆಗಳು ಬೇರೆ ಬೇರೆ ಇರುತ್ತವೆ, ನಿಜ. ಆದರೆ ಇಷ್ಟು ಅಂತರವನ್ನು ವ್ಯಾಖ್ಯೆಯ ತಲೆಗೆ ಮಾತ್ರ ಕಟ್ಟಲಾಗದು.

ಇಷ್ಟಕ್ಕೇ ಪಂಥ ಸೋತಿತು ಎನ್ನುವವರು 2017ರ ಆ ಪ್ರಬಂಧವನ್ನು ಬಿಡಿಸಿ ನೋಡಬೇಕು. ಅದರ ಲೇಖಕರಲ್ಲಿ ಸ್ವಾಗತೊ ಮುಖರ್ಜಿ, ಸಾಯಂತನ್ ಶರ್ಮಾ ಇದ್ದಾರೆ. ಇಬ್ಬರೂ ಟಿಐಎಫ್‌ಆರ್‌ನಲ್ಲಿ ಪಿಎಚ್‌ಡಿ ಮಾಡಿದವರು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪ್ರಸಾದ್ ಹೆಗಡೆ ಅವರ ಹೆಸರೂ ಇದೆ. ಮೇಲ್ಮಟ್ಟದ ಗುಣಾಂಕಗಳಿಗೆ ಬಳಸಿದ ತಂತ್ರವೋ, ರಾಸಾಯನಿಕ ವಿಭವವನ್ನು ಘಾತದ ಬದಲು ಸರಳರೇಖೆಯಾಗಿ ಸೇರಿಸಿ ಲೆಕ್ಕದ ಹೊರೆ ಇಳಿಸುವಂಥದ್ದು; ಅದನ್ನು ಮುಂದಿಟ್ಟವರು ಗವಾಯಿ ಮತ್ತು ಶರ್ಮಾ. ಮುಂಬಯಿಯ ಅಂಕಿಯನ್ನು ತಿದ್ದಿದ ಕೈಗಳು ಮುಂಬಯಿಯಲ್ಲೇ ಪಳಗಿದವು, ಹಿಡಿದ ಉಪಕರಣವೂ ಇಲ್ಲಿಯದೇ. ಗುರುವಿನ ಉತ್ತರವನ್ನು ಗುರುವಿನ ವಿಧಾನದಿಂದಲೇ ಮುರಿಯಬಲ್ಲ ಶಿಷ್ಯರನ್ನು ಬೆಳೆಸುವುದಕ್ಕಿಂತ ದೊಡ್ಡ ಕೆಲಸ ಯಾವ ಪಂಥಕ್ಕಿದೆ?

ಇನ್ನೊಂದು ಕವಲು ನೀಲಮಣಿ ಮಾಥುರ್ ಅವರದು: ಭಾರವಾದ ಕ್ವಾರ್ಕ್‌ಗಳ ಕಣಗಳು. 2018ರಲ್ಲಿ ಅವರು, ಪದ್ಮನಾಥ್ ಮತ್ತು ಮಂಡಲ್ ಚಾರ್ಮ್, ಬಾಟಮ್ ಎಂಬ ಭಾರ ಕ್ವಾರ್ಕ್‌ಗಳೆರಡೂ ಇರುವ ಕಣಗಳ ರಾಶಿಗಳನ್ನು ಮುಂಚಿತವಾಗಿ ಹೇಳಿದರು; ಅವರು ಲೆಕ್ಕ ಹಾಕಿದ ಕಣಗಳಲ್ಲಿ ಆಗ ಪ್ರಯೋಗಕ್ಕೆ ಗೊತ್ತಿದ್ದದ್ದು ಒಂದು ಮಾತ್ರ. 2023ರಲ್ಲಿ ಆರು ಬಾಟಮ್ ಕ್ವಾರ್ಕ್‌ಗಳ ಜೋಡಿ ಬೇರಿಯಾನ್ ಸುಮಾರು 81 ಎಂಇವಿಯಷ್ಟು ಬಿಗಿಯಾಗಿ ಬಂಧಿತ ಎಂದರು. ಡ್ಯೂಟರಾನಿನ ಬಂಧನ 2.2 ಎಂಇವಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಪ್ರಯೋಗ ಬರುವ ಮೊದಲೇ ಹೇಳಿ, ದೋಷದ ಅಂಚನ್ನೂ ಬರೆದಿಟ್ಟು ಕಾಯುವ ಈ ಧೈರ್ಯ ನನಗೆ ಬಹಳ ಹಿಡಿಸುತ್ತದೆ.

ಕೊರತೆಗಳನ್ನೂ ಹೇಳಲೇಬೇಕು. ಜಗತ್ತಿನ ದೊಡ್ಡ ಲ್ಯಾಟಿಸ್ ಗುಂಪುಗಳು ಯಂತ್ರಗಳನ್ನು ತಾವೇ ಕಟ್ಟಿದವು: ಇಟಲಿಯವರ ಏಪ್, ತ್ಸುಕುಬಾದ ಸಿಪಿ-ಪ್ಯಾಕ್ಸ್. ಐಬಿಎಮ್‌ನ ಬ್ಲೂ ಜೀನ್ ಹಿಂದೆಯೂ ಕೊಲಂಬಿಯಾ ವಿಶ್ವವಿದ್ಯಾಲಯದ ಲ್ಯಾಟಿಸ್ ಯಂತ್ರಗಳ ಅನುಭವವಿತ್ತು. 1960ರಲ್ಲೇ ಟಿಫ್ರಾಕ್ ಎಂಬ ಸ್ವದೇಶಿ ಕಂಪ್ಯೂಟರ್ ನಿಲ್ಲಿಸಿದ ಸಂಸ್ಥೆಯ ಈ ಗುಂಪು, ಭಾರತೀಯ ಲ್ಯಾಟಿಸ್ ಗೇಜ್ ಸಿದ್ಧಾಂತ ಉಪಕ್ರಮದ ಹೆಸರಿನಲ್ಲಿ, ಕ್ರೇ ಯಂತ್ರಗಳನ್ನು ಕೊಂಡು ನಡೆಸಿತು. ಖಾಡಿಯ ದಡದ ಟ್ರಾಂಬೆಯಲ್ಲಿ ಅನುಪಮ್, ಪುಣೆಯಲ್ಲಿ ಪರಮ್, ಬೆಂಗಳೂರಿನ ಎನ್‌ಎಎಲ್‌ನಲ್ಲಿ 1986ರಿಂದ ಫ್ಲೋಸಾಲ್ವರ್ ಎಂಬ ಸ್ವದೇಶಿ ಕಂಪ್ಯೂಟರುಗಳು ಬೆಳೆಯುತ್ತಿದ್ದ ದೇಶದಲ್ಲಿ, ಲ್ಯಾಟಿಸ್‌ಗೆಂದೇ ಒಂದು ಯಂತ್ರ ಹುಟ್ಟದೆ ಹೋದದ್ದು ದೊಡ್ಡ ನಷ್ಟ. 2006ರಲ್ಲಿ ಹಂಗೇರಿಯ ಭೌತಶಾಸ್ತ್ರಜ್ಞರು ವಿಡಿಯೊ ಗೇಮ್ ಚಿಪ್‌ಗಳಲ್ಲಿ ಕ್ಯುಸಿಡಿ ನಡೆಸಿ ತೋರಿಸಿದರು. ಇಂದು ಐರೋಲಿ, ಮಹಾಪೆ, ಪನವೇಲ್‌ಗಳ ಡೇಟಾ ಸೆಂಟರುಗಳಲ್ಲಿ ಅಂಥ ಚಿಪ್‌ಗಳ ಸಾಲು ಹಗಲಿರುಳು ಓಡುತ್ತಿದೆ, ಬ್ಯಾಂಕು ಮತ್ತು ಕೃತಕ ಬುದ್ಧಿಮತ್ತೆಯ ಗಿರಾಕಿಗಳಿಗಾಗಿ. ಅದರ ಒಂದು ಪಾಲನ್ನು ಮೂಲ ವಿಜ್ಞಾನಕ್ಕೆ ಮೀಸಲಿಡಿ ಎಂದು ಸರಕಾರವನ್ನು ಕೇಳುವ ಹಕ್ಕು ನಮ್ಮ ವಿಜ್ಞಾನಿಗಳಿಗಿದೆ, ಕೇಳಬೇಕು ಕೂಡ.

ಎರಡನೆಯ ಕೊರತೆ ಕುತೂಹಲದ ಗಡಿಯದು. ಪ್ರಬಲ ಗೇಜ್ ಸಿದ್ಧಾಂತ ಎಂದರೆ ಕ್ಯುಸಿಡಿ ಮಾತ್ರವಲ್ಲ. ಎಂಟು, ಹನ್ನೆರಡು ಬಗೆಯ ಕ್ವಾರ್ಕ್‌ಗಳಿದ್ದರೆ ಬಲ ಹೇಗೆ ನಡೆದುಕೊಳ್ಳುತ್ತದೆ, ಹಿಗ್ಸ್ ಕಣವೇ ಸಂಯುಕ್ತವಾಗಿರಬಹುದೇ ಎಂಬ ಪ್ರಶ್ನೆಗಳನ್ನು ಅಮೆರಿಕ, ಜಪಾನಿನ ಗುಂಪುಗಳು ವರ್ಷಗಟ್ಟಲೆ ಕೆದಕಿದವು. ಕೊಲಾಬ ಅತ್ತ ಹೆಚ್ಚು ಹೊರಳಲಿಲ್ಲ. ಸಂಪನ್ಮೂಲ ಸಾಲದು ಎಂಬ ಉತ್ತರ ಅರ್ಧ ಮಾತ್ರ ಒಪ್ಪುವಂಥದ್ದು, ಏಕೆಂದರೆ ಟೇಲರ್ ಶ್ರೇಣಿಗೂ ಸಂಪನ್ಮೂಲ ಸಾಲದಿದ್ದಾಗಲೇ ಕೈ ಹಾಕಿದವರು ಇವರು.

ನ್ಯೂಟ್ರಾನ್ ತಾರೆಯ ಒಡಲಿನ ಸಾಂದ್ರತೆಗೆ ಟೇಲರ್ ಶ್ರೇಣಿ ತಲುಪುವುದಿಲ್ಲ. ಅಲ್ಲಿ ಚಿಹ್ನೆಯ ಸಮಸ್ಯೆಯನ್ನು ಎದುರಿಗೇ ನಿಂತು ಬಿಡಿಸಬೇಕು. ಟಿಐಎಫ್‌ಆರ್‌ನಲ್ಲೇ ಕಲಿತ ದೇಬಾಶಿಷ್ ಬ್ಯಾನರ್ಜಿ ಶೀತಲ ಪರಮಾಣುಗಳಿಂದ ಗೇಜ್ ಸಿದ್ಧಾಂತವನ್ನು ಅನುಕರಿಸುವ ದಾರಿಯನ್ನು 2012ರಿಂದ ಸಂಗಡಿಗರೊಂದಿಗೆ ಹುಡುಕುತ್ತಿದ್ದಾರೆ. ಬೆಂಗಳೂರಿನಲ್ಲಿ ಲ್ಯಾಟಿಸ್‌ನಿಂದ ಹೊರಟ ಅಪೂರ್ವ ಪಟೇಲ್ ಕ್ವಾಂಟಂ ಗಣನೆಗೆ ಹೊರಳಿ ಬಹಳ ಕಾಲವಾಯಿತು. ಕೊಲಾಬದ ಹಳೆಯ ಪ್ರಶ್ನೆಯನ್ನೂ ಈ ಹೊಸ ಉಪಕರಣವನ್ನೂ ಒಂದೇ ವಿಭಾಗದಲ್ಲಿ, ಒಂದೇ ತಲೆಮಾರಿನ ವಿದ್ಯಾರ್ಥಿಗಳ ಕೈಗೆ ಕೊಡುವ ನಿರ್ಧಾರ ಈಗ ಆಗಬೇಕಾದದ್ದು.