ಮೊಡವೆಯ ಮುಲಾಮು: ಅನುಭವದ ಮಾತಿಗೆ ಎಷ್ಟು ಬೆಲೆ?

‘ಹತ್ತು ದಿನ ಹಚ್ಚಿದೆ, ಮುಖ ಉರಿದು ಸಿಪ್ಪೆ ಎದ್ದಿತು, ಬಿಟ್ಟುಬಿಟ್ಟೆ.’ ‘ಹಚ್ಚಿದ ಮೇಲೆ ಮೊಡವೆ ಮೊದಲಿಗಿಂತ ಹೆಚ್ಚಾಯಿತು.’ ‘ಆ ಟ್ಯೂಬ್ ಬೇಡ, ಇದನ್ನು ಹಚ್ಚಿಕೋ, ಒಂದೇ ವಾರದಲ್ಲಿ ಮುಖ ತಿಳಿಯಾಗುತ್ತದೆ.’ ಪ್ರೌಢಶಾಲೆಯಲ್ಲೋ ಪದವಿಪೂರ್ವ ಕಾಲೇಜಿನಲ್ಲೋ ಪಾಠ ಹೇಳುವ ನೀವು ಇಂಥ ಮಾತುಗಳನ್ನು ಕೇಳಿಯೇ ಇರುತ್ತೀರಿ. ವಿದ್ಯಾರ್ಥಿಗಳಾಗಿದ್ದರೆ ನೀವೇ ಆಡಿರಬಹುದು. ಮೊದಲ ಎರಡು ಮಾತುಗಳು ಸಾಮಾನ್ಯವಾಗಿ ರೆಟಿನಾಯ್ಡ್ ವರ್ಗದ ಲೇಪಗಳ ಬಗ್ಗೆ. ಟ್ರೆಟಿನಾಯಿನ್ ಮತ್ತು ಅಡಾಪಲೀನ್ ಈ ವರ್ಗದ ಪರಿಚಿತ ಹೆಸರುಗಳು. ಮೂರನೆಯ ಮಾತು ಬಹಳ ಸಲ ಬೇರೆಯೇ ಒಂದು ಮುಲಾಮಿನ ಬಗ್ಗೆ.

ಈ ಮಾತುಗಳು ಸುಳ್ಳೇ? ಅಲ್ಲ. ಹೇಳಿದವರ ಮುಖದಲ್ಲಿ ಆದದ್ದು ನಿಜ. ಆದರೆ ‘ನನಗೆ ಹೀಗಾಯಿತು’ ಎಂಬ ಹೇಳಿಕೆಯಿಂದ ‘ಈ ಮದ್ದು ಒಳ್ಳೆಯದು’ ಅಥವಾ ‘ಕೆಟ್ಟದ್ದು’ ಎಂಬ ತೀರ್ಮಾನಕ್ಕೆ ಹೋಗಬಹುದೇ? ಮೊಡವೆಯ ವಿಷಯದಲ್ಲಿ ಹಾಗೆ ಹೋದರೆ ತೀರ್ಪು ತಲೆಕೆಳಗಾಗುವ ಸಂಭವವೇ ಹೆಚ್ಚು. ಏಕೆಂದು ಪರಿಶೀಲಿಸೋಣ.

ತೂಬು ಕಟ್ಟಿಕೊಂಡಾಗ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕಂಡವರಿಗೆ ಮೊಡವೆಯ ಹುಟ್ಟನ್ನು ವಿವರಿಸುವುದು ಸುಲಭ. ಶಾಂತಿಸಾಗರವೆಂದೂ ಕರೆಯಲಾಗುವ ಈ ವಿಶಾಲ ಕೆರೆಯ ನೀರು ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳಲ್ಲಿ ಹೊಲ ತೋಟಗಳಿಗೆ ಹರಿಯುತ್ತದೆ. ಯಾವ ಕೆರೆಯಲ್ಲೇ ಆಗಲಿ, ತೂಬಿನ ಬಾಯಿಗೆ ಹೂಳು, ಕಸ ಸೇರಿದರೆ ನೀರು ಹಿಂದೆಯೇ ನಿಲ್ಲುತ್ತದೆ. ನಮ್ಮ ಮುಖದ ಪ್ರತಿಯೊಂದು ರೋಮಕೂಪಕ್ಕೂ ಇಂಥ ಒಂದು ಬಾಯಿ ಇದೆ. ಅದರ ಪಕ್ಕದ ಗ್ರಂಥಿಯಲ್ಲಿ ತಯಾರಾಗುವ ಸೀಬಮ್ ಎಂಬ ಜಿಡ್ಡು ಆ ಬಾಯಿಯ ಮೂಲಕವೇ ಚರ್ಮದ ಮೇಲೆ ಬರಬೇಕು.

ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಪ್ರಭಾವದಿಂದ ಜಿಡ್ಡಿನ ಉತ್ಪತ್ತಿ ಹೆಚ್ಚುತ್ತದೆ. ಅದೇ ವೇಳೆಗೆ ರೋಮಕೂಪದ ಒಳಗೋಡೆಯಿಂದ ಉದುರಿಹೋಗಬೇಕಾದ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಬಿರಡೆಯಾಗುತ್ತವೆ. ಹಿಂದೆ ನಿಂತ ಜಿಡ್ಡಿನಲ್ಲಿ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯ ವೃದ್ಧಿಸುತ್ತದೆ. ಉರಿಯೂತವಾಗಿ ಕೆಂಪು ಗುಳ್ಳೆ ಏಳುತ್ತದೆ. ಇಲ್ಲಿ ಮುಖ್ಯವಾದ ಅಂಶವೊಂದಿದೆ. ಬಿರಡೆ ಕಟ್ಟುವುದು ಮೊದಲು, ಗುಳ್ಳೆ ಕಾಣುವುದು ವಾರಗಳ ನಂತರ. ಇಂದು ಕನ್ನಡಿಯಲ್ಲಿ ಕಾಣುವ ಮೊಡವೆಯ ಆರಂಭ ಕಳೆದ ತಿಂಗಳಿನದು. ಹೋಲಿಕೆಗೆ ಒಂದು ಮಿತಿಯೂ ಇದೆ. ಕೆರೆಯ ತೂಬನ್ನು ಕೆರೆದು ಸ್ವಚ್ಛ ಮಾಡಬಹುದು. ರೋಮಕೂಪದ ಬಿರಡೆ ಸೋಪಿಗಾಗಲಿ ಉಜ್ಜುವಿಕೆಗಾಗಲಿ ಸಿಗುವುದಿಲ್ಲ.

ರೆಟಿನಾಯ್ಡ್‌ಗಳು ಎ ಜೀವಸತ್ವದ ಬಂಧುಗಳು. ಇವು ಜೀವಕೋಶದ ಬೀಜಕೇಂದ್ರದಲ್ಲಿರುವ ಗ್ರಾಹಕ ಪ್ರೋಟೀನುಗಳಿಗೆ ಅಂಟಿಕೊಂಡು ಕೆಲವು ಜೀನ್‌ಗಳ ಕೆಲಸವನ್ನು ಹೆಚ್ಚು ಕಡಿಮೆ ಮಾಡುತ್ತವೆ. ಪರಿಣಾಮವಾಗಿ ಒಳಗೋಡೆಯ ಕೋಶಗಳು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಉದುರುತ್ತವೆ, ಹೊಸ ಬಿರಡೆ ಕಟ್ಟುವುದಿಲ್ಲ. ಉರಿಯೂತವೂ ತಗ್ಗುತ್ತದೆ. ಅಂದರೆ ಈ ಮದ್ದಿನ ಮುಖ್ಯ ಕೆಲಸ ಇಂದಿನ ಗುಳ್ಳೆಯನ್ನು ಒಣಗಿಸುವುದಲ್ಲ, ಮುಂದಿನ ತಿಂಗಳು ಏಳಬೇಕಾದ ಗುಳ್ಳೆಯನ್ನು ತಡೆಯುವುದು. ಆದ್ದರಿಂದಲೇ ಫಲ ಸರಿಯಾಗಿ ಕಾಣಲು 8ರಿಂದ 12 ವಾರ ಬೇಕು. ತೊಂದರೆಗಳು ಮಾತ್ರ ಅಷ್ಟು ಕಾಯುವುದಿಲ್ಲ. ಉರಿ, ಕೆಂಪು, ಸಿಪ್ಪೆ ಏಳುವುದು ಮೊದಲ ಕೆಲವು ವಾರಗಳಲ್ಲೇ ಹೆಚ್ಚಾಗಿದ್ದು ಬಹುಮಂದಿಯಲ್ಲಿ ಕ್ರಮೇಣ ಇಳಿಯುತ್ತವೆ.

ಇತಿಹಾಸದ ಒಂದು ಕಪ್ಪು ಪುಟ

ಟ್ರೆಟಿನಾಯಿನ್ ಮೊಡವೆಗೆ ಉಪಯುಕ್ತವೆಂದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. 1971ರಲ್ಲಿ ಅಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದು ಕೆಲಸ ಮಾಡುವ ಬಗೆ ತಿಳಿದದ್ದು ಆಮೇಲೆ. ರೆಟಿನಾಯಿಕ್ ಆಮ್ಲದ ಗ್ರಾಹಕಗಳನ್ನು ಎರಡು ತಂಡಗಳು ಸ್ವತಂತ್ರವಾಗಿ ಗುರುತಿಸಿದ್ದು 1987ರಲ್ಲಿ. ಉರಿ ಕಡಿಮೆ ಇರುವ ಅಡಾಪಲೀನ್‌ಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2016ರಲ್ಲಿ ಅದರ ಶೇಕಡ 0.1ರ ಜೆಲ್ ಅಲ್ಲಿ ವೈದ್ಯರ ಚೀಟಿ ಇಲ್ಲದೆಯೂ ಮಾರಾಟವಾಗತೊಡಗಿತು.

ಇದೇ ಕ್ಲಿಗ್‌ಮನ್ 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ ಚರ್ಮದ ಪ್ರಯೋಗಗಳನ್ನು ನಡೆಸಿದರು. ಕೈದಿಗಳಲ್ಲಿ ಹೆಚ್ಚಿನವರು ಕರಿಯರು. 2021ರಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಇದಕ್ಕಾಗಿ ಕ್ಷಮೆ ಕೇಳಿತು. ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಆ ಪ್ರಯೋಗಗಳಲ್ಲಿ ಕೈದಿಗಳ ಚರ್ಮವನ್ನು ಗಮನಿಸಲಾಯಿತು, ಅವರ ಮಾತನ್ನು ಗಮನಿಸಲಿಲ್ಲ. ‘ಅನುಭವಕ್ಕೆ ವಿಜ್ಞಾನದಲ್ಲಿ ಬೆಲೆಯೇ ಇಲ್ಲ’ ಎನ್ನುವ ಧಾಟಿ ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಇದು ನಿದರ್ಶನ. ಆದ್ದರಿಂದ ಅನುಭವವನ್ನು ತಳ್ಳಿಹಾಕುವುದು ಈ ಲೇಖನದ ಉದ್ದೇಶವಲ್ಲ. ಅದು ಯಾವುದಕ್ಕೆ ಸಾಕ್ಷಿ, ಯಾವುದಕ್ಕಲ್ಲ ಎಂದು ವಿಂಗಡಿಸುವುದಷ್ಟೇ ಉದ್ದೇಶ.

ತಲೆಕೆಳಗಾದ ತೀರ್ಪು

ಈಗ ಮೂರನೆಯ ಮಾತಿಗೆ ಬರೋಣ. ಒಂದೇ ವಾರದಲ್ಲಿ ಮುಖ ತಿಳಿಯಾಗಿಸುವ ಮುಲಾಮು ಯಾವುದು? ನಮ್ಮ ದೇಶದಲ್ಲಿ ಹಲವು ಸಲ ಅದು ಸ್ಟೀರಾಯ್ಡ್ ಸೇರಿದ ಮಿಶ್ರಣ. ಇದರ ಮೂಲವೂ ಕ್ಲಿಗ್‌ಮನ್ ಅವರದೇ. 1975ರಲ್ಲಿ ಅವರು ಚರ್ಮದ ಕಪ್ಪು ಕಲೆ ತಿಳಿಯಾಗಿಸಲು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸೇರಿದ ಸೂತ್ರವೊಂದನ್ನು ಪ್ರಕಟಿಸಿದರು. ಇದರ ಮಾದರಿಯಲ್ಲೇ, ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಸೇರಿಸಿದ ಲೇಪಗಳು ನಮ್ಮಲ್ಲಿ ಬಂದವು. ಬಂಗಿಗೆ, ವೈದ್ಯರ ನಿಗಾದಲ್ಲಿ, ಅಲ್ಪಕಾಲಕ್ಕೆ ಬಳಸಬೇಕಾದ ಇವು ಮುಖ ಬೆಳ್ಳಗಾಗಿಸುವ ಕ್ರೀಮುಗಳಂತೆ, ಮೊಡವೆಯ ಮದ್ದಿನಂತೆ ಕೈಯಿಂದ ಕೈಗೆ ಹರಡಿದವು. ಟ್ಯೂಬಿನ ಮೇಲೆ ಟ್ರೆಟಿನಾಯಿನ್ ಎಂದು ಬರೆದಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚು.

ಸ್ಟೀರಾಯ್ಡ್ ರಕ್ತನಾಳಗಳನ್ನು ಸಂಕುಚಿಸುತ್ತದೆ, ಉರಿಯೂತವನ್ನು ಅಡಗಿಸುತ್ತದೆ. ಆದ್ದರಿಂದ ಕೆಂಪು ಬೇಗ ಮಾಯವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಬೇಡದ ಕೂದಲು ಬೆಳೆಯಬಹುದು, ಸ್ಟೀರಾಯ್ಡ್‌ನಿಂದಲೇ ಮೊಡವೆ ಏಳುತ್ತದೆ. ನಿಲ್ಲಿಸಿದರೆ ಮುಖ ಕೆಂಪೇರಿ ಉರಿಯುತ್ತದೆ. ಆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಈ ಸ್ಥಿತಿಗೆ ನಮ್ಮ ದೇಶದ ಚರ್ಮವೈದ್ಯರು 2008ರಲ್ಲಿ ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’ ಎಂಬ ಅರ್ಥದ ಹೆಸರನ್ನೇ ಕೊಟ್ಟರು.

2011ರಲ್ಲಿ ಪ್ರಕಟವಾದ, ದೇಶದ ಹಲವು ಚರ್ಮಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ಸಮೀಕ್ಷೆಯನ್ನು ನೋಡಿ. ಮುಖದ ಚರ್ಮದ ತೊಂದರೆಯಿಂದ ಬಂದ 2926 ಮಂದಿಯಲ್ಲಿ 433 ಮಂದಿ, ಅಂದರೆ ಶೇಕಡ 14.8ರಷ್ಟು, ಸ್ಟೀರಾಯ್ಡ್ ಲೇಪ ಬಳಸುತ್ತಿದ್ದರು. ಅವರಲ್ಲಿ 257 ಮಂದಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. 104 ಮಂದಿ ಅದನ್ನು ಹಚ್ಚಿದ್ದು ಮೊಡವೆಗೆಂದೇ. 392 ಮಂದಿಯಲ್ಲಿ ದುಷ್ಪರಿಣಾಮ ಕಂಡಿತು. ಅವುಗಳಲ್ಲಿ ಅತಿ ಸಾಮಾನ್ಯವಾದದ್ದು ಯಾವುದು ಗೊತ್ತೇ? ಮೊಡವೆ ಬರುವುದು ಅಥವಾ ಇದ್ದದ್ದು ಉಲ್ಬಣಿಸುವುದು! ಈ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. ತೊಂದರೆಯಾಗದವರು ಆಸ್ಪತ್ರೆಗೆ ಬರುವುದಿಲ್ಲ. ಆದ್ದರಿಂದ ಹಚ್ಚಿದ ಎಲ್ಲರಲ್ಲೂ ಶೇಕಡ 90 ಮಂದಿಗೆ ಹಾನಿ ಎಂದು ಇದರಿಂದ ಹೇಳಲಾಗದು. ಆದರೆ ಸಲಹೆ ಹರಡುವ ದಾರಿ ಯಾವುದೆಂಬುದು ಸ್ಪಷ್ಟ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಎಚ್ ಅನುಸೂಚಿಯ ವ್ಯಾಪ್ತಿಗೆ ತಂದದ್ದು ಇಂಥ ದುರ್ಬಳಕೆಯನ್ನು ತಡೆಯಲೆಂದೇ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಡಿ. ರೆಟಿನಾಯ್ಡ್: ಮೊದಲು ಉರಿ, ನಂತರ ಗುಣ. ಸ್ಟೀರಾಯ್ಡ್ ಮಿಶ್ರಣ: ಮೊದಲು ಗುಣ, ನಂತರ ಹಾನಿ. ಎರಡನೆಯ ವಾರದ ಕೊನೆಗೆ ಇಬ್ಬರು ಗೆಳತಿಯರು ತಮ್ಮ ತಮ್ಮ ಅನುಭವ ಹೇಳಿಕೊಂಡರೆ ಗೆಲ್ಲುವುದು ಯಾವುದು? ಸುಳ್ಳು ಹೇಳಿದವರು ಯಾರೂ ಇಲ್ಲ, ಆದರೂ ತಪ್ಪು ಮದ್ದೇ ಗೆಲ್ಲುತ್ತದೆ. ಬಾಯಿಮಾತಿನ ಸಲಹೆ ಸೋಲುವುದು ಇಲ್ಲಿ.

ಇನ್ನೂ ಕೆಲವು ತೊಡಕುಗಳು

ಮೊಡವೆ ತಾನಾಗಿಯೇ ಏರುತ್ತ ಇಳಿಯುತ್ತ ಇರುತ್ತದೆ. ಜನ ಮದ್ದು ಶುರು ಮಾಡುವುದು ಅದು ತೀರ ಹೆಚ್ಚಾದಾಗ. ಆಮೇಲೆ ಏನು ಹಚ್ಚಿದರೂ, ಹಚ್ಚದಿದ್ದರೂ, ಸ್ವಲ್ಪ ಇಳಿಯುವ ಸಂಭವವಿದೆ. ಈ ಕಾರಣದಿಂದಲೇ ಪ್ರಯೋಗಗಳಲ್ಲಿ ಒಂದು ಗುಂಪಿಗೆ ಮದ್ದಿಲ್ಲದ ಬರಿಯ ಲೇಪ ಕೊಡುತ್ತಾರೆ. ಆ ಗುಂಪಿನಲ್ಲೂ ಗುಳ್ಳೆಗಳ ಸಂಖ್ಯೆ ಇಳಿಯುತ್ತದೆ. ರೆಟಿನಾಯ್ಡ್‌ನ ಗುಂಪಿನಲ್ಲಿ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರ ಶ್ರೇಯಸ್ಸು ಮದ್ದಿಗೆ. ಒಬ್ಬರ ಅನುಭವದಲ್ಲಿ ಇಂಥ ಹೋಲಿಕೆಯ ಗುಂಪು ಇರುವುದಿಲ್ಲ.

ಎರಡನೆಯದಾಗಿ, ಮದ್ದಿನ ಜೊತೆಗೆ ಬೇರೆ ಏನೇನು ನಡೆದಿದೆ? ನಿಂಬೆರಸ, ಟೂತ್‌ಪೇಸ್ಟ್, ದಿನಕ್ಕೆ ಐದು ಸಲ ಸೋಪು, ಇವೂ ಸೇರಿದ್ದರೆ ಉರಿಗೆ ಕಾರಣ ಯಾವುದೆಂದು ಹೇಳುವುದು ಹೇಗೆ? ಮೂರನೆಯದಾಗಿ, ಉರಿಗೆ ಹೆದರಿ ಬಿಟ್ಟವರು ‘ಗುಣವಾಗಲಿಲ್ಲ’ ಎಂದು ಹೇಳುತ್ತಾರೆ. ಅವರು ಮದ್ದನ್ನು ಪರೀಕ್ಷಿಸಿದ್ದು ಅದರ ಫಲ ಬರುವ ಮೊದಲು.

ಪ್ರಯೋಗ ಹೇಳದಿರುವುದು

ಹಾಗೆಂದು ಪ್ರಯೋಗಗಳಿಗೆ ಪೂರ್ಣ ಅಂಕ ಕೊಡಬೇಕಾಗಿಲ್ಲ. ಅವು ಮುಖ್ಯವಾಗಿ ಗುಳ್ಳೆಗಳನ್ನು ಎಣಿಸುತ್ತವೆ. ನಮ್ಮ ಕಂದು ಚರ್ಮದಲ್ಲಿ ಗುಳ್ಳೆಗಿಂತ ಅದು ಬಿಟ್ಟುಹೋಗುವ ಕಪ್ಪು ಕಲೆ ಹೆಚ್ಚು ಕಾಲ ಕಾಡುತ್ತದೆ. ಮದ್ದಿನ ಉರಿಯೇ ಜೋರಾದರೆ ಅದೂ ಕಲೆ ಉಳಿಸಬಹುದು. ಆದ್ದರಿಂದ ‘ಉರಿಯಿತು’ ಎಂಬ ದೂರು ಕ್ಷುಲ್ಲಕವಲ್ಲ. ಅಡಿಕೆ ತೋಟದ ಕೆಲಸಕ್ಕೆ, ಜಗಳೂರಿನ ಕಡೆಯ ಬಯಲು ಹೊಲಕ್ಕೆ ಬಿಸಿಲಿನಲ್ಲಿ ಹೋಗಿಬರುವ ಹುಡುಗನಿಗೆ ಆ ಉರಿ ಇನ್ನೂ ಹೆಚ್ಚು. ಇಲ್ಲಿ ಅನುಭವದ ಮಾತು ಅಮೂಲ್ಯ. ಅದು ಮದ್ದನ್ನು ಬಿಡಬೇಕೆಂದು ಹೇಳುತ್ತಿಲ್ಲ, ಹಚ್ಚುವ ಕ್ರಮ ಬದಲಾಗಬೇಕೆಂದು ಹೇಳುತ್ತಿದೆ.

ಆ ಕ್ರಮ ಕಷ್ಟದ್ದೇನಲ್ಲ. ರಾತ್ರಿ, ತೊಳೆದು ಒಣಗಿದ ಮುಖಕ್ಕೆ, ಇಡೀ ಮುಖಕ್ಕೆ ಸೇರಿ ಬಟಾಣಿ ಕಾಳಿನಷ್ಟು. ಮುಂದಿನ ಗುಳ್ಳೆ ಎಲ್ಲಿ ಏಳುವುದೋ ತಿಳಿಯದ ಕಾರಣ ಗುಳ್ಳೆಯ ಮೇಲಷ್ಟೇ ಹಚ್ಚಿದರೆ ಸಾಲದು. ಆರಂಭದಲ್ಲಿ ದಿನ ಬಿಟ್ಟು ದಿನ. ಚರ್ಮ ಒಣಗಿದರೆ ಸಾದಾ ತೇವಕಾರಕ ಕ್ರೀಮು. ಹಗಲಲ್ಲಿ ಬಿಸಿಲಿನಿಂದ ರಕ್ಷಣೆ. ಗರ್ಭಿಣಿಯರು ಬಳಸಬಾರದು. ಗಂಟು, ಕೀವು, ಗುಳಿ ಬೀಳುವ ಮೊಡವೆಗೆ ಚರ್ಮವೈದ್ಯರನ್ನು ಕಾಣಲೇಬೇಕು. ಇಷ್ಟನ್ನು ಹೇಳದೆ ‘ರಾತ್ರಿ ಹಚ್ಚಿ’ ಎಂದಷ್ಟೇ ಹೇಳಿ ಟ್ಯೂಬ್ ಕೈಗಿಟ್ಟರೆ, ಹತ್ತನೆಯ ದಿನ ಮದ್ದು ಬಿಟ್ಟವನನ್ನು ದೂರಿ ಪ್ರಯೋಜನವಿಲ್ಲ. ‘12 ವಾರ ಬೇಕು, ಮೊದಲು ಸ್ವಲ್ಪ ಉರಿಯುತ್ತದೆ’ ಎಂಬ ಒಂದು ವಾಕ್ಯವೂ ಚಿಕಿತ್ಸೆಯ ಭಾಗವೇ.

ಶಿಕ್ಷಕರಿಗೆ ಒಂದು ಸಲಹೆ. ಹಾರ್ಮೋನುಗಳ ಪಾಠ ಬಂದಾಗ ಮನೆಯಲ್ಲಿರುವ ಮುಖದ ಮುಲಾಮಿನ ಖಾಲಿ ಟ್ಯೂಬ್‌ಗಳನ್ನು ತರಲು ಹೇಳಿ. ಯಾರದೆಂದು ಕೇಳಬೇಡಿ. ಕಂಪನಿಯ ಹೆಸರನ್ನು ಬಿಟ್ಟು ಸಣ್ಣಕ್ಷರದ ಘಟಕಗಳನ್ನು ಓದಿಸಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲೂಯೋಸಿನೋಲೋನ್ ಕಂಡರೆ ಅದು ಸ್ಟೀರಾಯ್ಡ್. ಬಹುಕಾಲ ಹಚ್ಚುತ್ತಿರುವವರು ಒಮ್ಮೆಲೇ ಬಿಡದೆ ವೈದ್ಯರನ್ನು ಕಾಣಬೇಕೆಂದು ತಿಳಿಸಿ. ನಂತರ, ಕೇಳಿದ ಯಾವುದೇ ಅನುಭವದ ಮಾತಿಗೆ ನಾಲ್ಕು ಪ್ರಶ್ನೆ ಹಾಕಲು ಕಲಿಸಿ: ಟ್ಯೂಬಿನಲ್ಲಿ ಏನಿತ್ತು? ಎಷ್ಟು ವಾರ ಹಚ್ಚಿದರು? ಜೊತೆಗೆ ಏನು ಹಚ್ಚಿದರು? ಆರು ತಿಂಗಳ ನಂತರ ಮುಖ ಹೇಗಿತ್ತು? ನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಮಾತನ್ನು ನಂಬಿ ಮುಖಕ್ಕೆ ಏನನ್ನೂ ಹಚ್ಚಿಕೊಳ್ಳಬೇಡಿ.